ಸಖರಾಯಪಟ್ಟಣದ ಹೊಲದಿಂದ ಕಂಡ ಸೂಪರ್‌ನೋವಾ

ಮೊದಲೇ ಹೇಳಿಬಿಡುತ್ತೇನೆ. ಎಂಟು ಇಂಚಿನ ದೂರದರ್ಶಕದಲ್ಲಿ ಸೂಪರ್‌ನೋವಾ (ಸಿಡಿದು ಸಾಯುವ ನಕ್ಷತ್ರ) ಕಾಣುವುದು ಒಂದು ಚುಕ್ಕಿಯಾಗಿ, ಅಷ್ಟೇ. ಬಣ್ಣ ಇಲ್ಲ, ಉಂಗುರ ಇಲ್ಲ, ಜ್ವಾಲೆ ಇಲ್ಲ. ಅಕ್ಕಪಕ್ಕದ ಚುಕ್ಕಿಗಳೆಲ್ಲ ನಮ್ಮದೇ ಗೆಲಾಕ್ಸಿಯ ನಕ್ಷತ್ರಗಳು. ಇದೊಂದು ಮಾತ್ರ ಸುಮಾರು 2.1 ಕೋಟಿ ಬೆಳಕಿನ ವರ್ಷ ಆಚೆಯದು. ಆದರೂ ನೋಡುವುದಕ್ಕೆ ಎಲ್ಲವೂ ಒಂದೇ ಥರ. ಯಾವುದು ಯಾವುದು ಅಂತ ಗುರುತು ಹಿಡಿಯುವುದರಲ್ಲೇ ಈ ಕೆಲಸದ ಕಷ್ಟ, ಮಜಾ ಎರಡೂ ಇರುವುದು.

2023ರ ಮೇ 19 ಶುಕ್ರವಾರ ಅಮಾವಾಸ್ಯೆ. ಆ ದಿನ ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೊಂದಾಗುವ ಹೊತ್ತಿಗೆ, ಜಪಾನಿನ ಕೋಯಿಚಿ ಇಟಗಾಕಿ ತೆಗೆದ ಒಂದು ಚಿತ್ರದಲ್ಲಿ ಎಂ 101 ಗೆಲಾಕ್ಸಿಯ ತೋಳಿನ ಮೇಲೆ ಹೊಸ ಚುಕ್ಕಿ ಇತ್ತು. ಇಟಗಾಕಿ ವೃತ್ತಿಯಿಂದ ಖಗೋಳ ವಿಜ್ಞಾನಿ ಅಲ್ಲ, ನಮ್ಮ ಹಾಗೇ ಹವ್ಯಾಸಿ. ಆಗ ಅವರಿಗೆ 75 ವರ್ಷ. ಅದಕ್ಕೂ ಮೊದಲೇ ನೂರಕ್ಕಿಂತ ಜಾಸ್ತಿ ಸೂಪರ್‌ನೋವಾ ಹುಡುಕಿದ್ದವರು. ಹೊಸ ಚುಕ್ಕಿಗೆ ಎಸ್‌ಎನ್ 2023 ಐಎಕ್ಸ್‌ಎಫ್ ಅಂತ ಹೆಸರು ಬಿತ್ತು. ಈ ಹೆಸರಿನ ಕೊನೆಯ ಮೂರು ಅಕ್ಷರ ಬರೀ ಕ್ರಮಸಂಖ್ಯೆ. ಕೂತು ಲೆಕ್ಕ ಹಾಕಿದರೆ, ಆ ವರ್ಷ ಹೀಗೆ ಹೆಸರು ಪಡೆದ 6,714ನೇ ಚುಕ್ಕಿ ಇದು ಅಂತ ಗೊತ್ತಾಗುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ನಮ್ಮಂಥವರ ದೂರದರ್ಶಕಕ್ಕೆ ಎಟುಕುವುದೇ ಇಲ್ಲ. ಇದು ಎಟುಕುವಂತಿತ್ತು.

ಸುದ್ದಿ ನನಗೆ ಸಿಕ್ಕಿದ್ದು ಶನಿವಾರ. ಬೆಂಗಳೂರಿನಲ್ಲಿ ಹೊಸ ಸರ್ಕಾರದ ಪ್ರಮಾಣವಚನ ಇದ್ದ ದಿನ ಅದು. ಅಂಗಡಿಗೆ ಬಲ್ಬು, ವೈರು ತಗೊಳ್ಳೋಕೆ ಬಂದವರೆಲ್ಲ ಯಾರು ಮಂತ್ರಿ ಆದರು ಅಂತ ಮಾತಾಡುತ್ತಿದ್ದರು. ನಾನು ಕೌಂಟರಿನ ಹಿಂದೆ ಮೊಬೈಲಿನಲ್ಲಿ ಮೋಡದ ನಕ್ಷೆ ನೋಡುತ್ತಾ ಕೂತಿದ್ದೆ.

ಚಿಕ್ಕಮಗಳೂರಿನವನು ಅಂದರೆ ಹೊರಗಿನವರು ಹೇಳುವುದು ಒಂದೇ ಮಾತು: "ನಿಮಗೇನ್ರೀ, ಮುಳ್ಳಯ್ಯನಗಿರಿ ಇದೆ!" ಇದೆ, ಸುಮಾರು 1,930 ಮೀಟರ್ ಎತ್ತರ ಇದೆ, ರಾಜ್ಯದಲ್ಲೇ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಮೇ ತಿಂಗಳ ಮೋಡಕ್ಕೂ ಅದೇ ಇಷ್ಟ. ಮಧ್ಯಾಹ್ನ ಮೂರಕ್ಕೆ ಗಿರಿಯ ತಲೆ ಮೇಲೆ ಬಂದು ಕೂತರೆ ಬೆಳಗಿನ ತನಕ ಏಳುವುದಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಎಸ್ಟೇಟುಗಳಲ್ಲಿ ಒಳ್ಳೆ ಕತ್ತಲೆ ಸಿಗುತ್ತದೆ, ಆದರೆ ತಲೆ ಎತ್ತಿದರೆ ಸಿಲ್ವರ್ ಓಕ್ ಮರ. ಕಣ (ಕಾಫಿ ಒಣಗಿಸುವ ಜಾಗ) ಒಂದೇ ಬಯಲು. ಅಲ್ಲೂ ರಾತ್ರಿ ಹತ್ತರ ಮೇಲೆ ಒಬ್ಬನೇ ನಿಲ್ಲುವುದಕ್ಕೆ ಆನೆ ಭಯ. ಆನೆ ಬಂದರೆ ದೂರದರ್ಶಕ ಹೊತ್ತುಕೊಂಡು ಓಡುವುದಕ್ಕಾಗುತ್ತಾ?

ಹಾಗಾಗಿ ಈ ಜಿಲ್ಲೆಯಲ್ಲಿ ಆಕಾಶ ನೋಡುವವರು ಬೆಟ್ಟಕ್ಕೆ ಬೆನ್ನು ಹಾಕಿ ಕಡೂರು ರಸ್ತೆ ಹಿಡಿಯುವುದು ವಾಸಿ. ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಸೀಮೆಯೇ ಬದಲಾಗುತ್ತದೆ. ಕಾಫಿ ಮುಗಿದು ತೆಂಗು, ರಾಗಿ ಶುರುವಾಗುತ್ತದೆ. ಊರಲ್ಲಿ ಜಿಟಿಜಿಟಿ ಹನಿಯುತ್ತಿದ್ದರೂ ಸಖರಾಯಪಟ್ಟಣದಲ್ಲಿ ನೆಲ ಒಣಗಿರುತ್ತದೆ. ಅಯ್ಯನಕೆರೆಯ ಹತ್ತಿರ ನಮ್ಮ ಮಾವನವರಿಗೆ ಎರಡು ಎಕರೆ ಹೊಲ ಇದೆ. ಉತ್ತರಕ್ಕೆ ಮರ ಇಲ್ಲ. ಕಡೂರು ಕಡೆಯಿಂದ ಒಂದಿಷ್ಟು ಬೆಳಕು ಬರುತ್ತದೆ, ಅದು ತೀರಾ ಕೆಳಗೆ, ತೊಂದರೆ ಇಲ್ಲ.

ಶನಿವಾರ, ಭಾನುವಾರ ಮೋಡ ಬಿಡಲಿಲ್ಲ. ಸೋಮವಾರ ಮಧ್ಯಾಹ್ನ ಗುಡುಗಿ ಒಂದು ಗಂಟೆ ಜೋರು ಮಳೆ ಹೊಡೆಯಿತು. ಇಂಥ ಮಳೆ ಆದ ಮೇಲೆ ಆಕಾಶ ಬಿಟ್ಟರೆ ಅದರಂಥ ಆಕಾಶ ಇನ್ನಿಲ್ಲ, ಧೂಳೆಲ್ಲ ತೊಳೆದು ಹೋಗಿರುತ್ತದೆ. ಅಂಗಡಿ ಬೇಗ ಮುಚ್ಚಿ ಭಾವಮೈದನ ಓಮ್ನಿಯಲ್ಲಿ ದೂರದರ್ಶಕ ಹಾಕಿಕೊಂಡು ಹೊರಟೆವು. ದಾರಿಯಲ್ಲಿ ಪಶ್ಚಿಮಕ್ಕೆ ಶುಕ್ರ, ಅದರ ಹತ್ತಿರ ತದಿಗೆಯ ಚಂದ್ರ. ಚಂದ್ರ ಬೇಗ ಮುಳುಗುವವನು, ನಮ್ಮ ಕೆಲಸಕ್ಕೆ ಅಡ್ಡಿ ಇರಲಿಲ್ಲ.

ನನ್ನದು ಡಾಬ್ಸೋನಿಯನ್ ದೂರದರ್ಶಕ, ಸೆಕೆಂಡ್ ಹ್ಯಾಂಡ್. ಎಂಟು ಇಂಚಿನ ಕನ್ನಡಿ, 1,200 ಮಿಲಿಮೀಟರ್ ಫೋಕಸ್. ಮೋಟಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಪ್ಲೈವುಡ್ ಪೆಟ್ಟಿಗೆ ಮೇಲೆ ಕೂತ ಕೊಳವೆ, ಕೈಯಲ್ಲಿ ತಳ್ಳಬೇಕು. ಈ ವಿನ್ಯಾಸ ಕೊಟ್ಟ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸನ್ಯಾಸಿಯಾಗಿದ್ದವರು. ಗುಜರಿ ಗಾಜು ಉಜ್ಜಿ ಕನ್ನಡಿ ಮಾಡುತ್ತಿದ್ದರಂತೆ. ಇದನ್ನು ಮಾವನವರಿಗೆ ಹೇಳಿದ ಮೇಲೆ ಅವರಿಗೆ ನನ್ನ ಪೆಟ್ಟಿಗೆಯ ಮೇಲೆ ಗೌರವ ಜಾಸ್ತಿಯಾಯಿತು.

ಮೋಟಾರ್ ಇಲ್ಲದ ಮೇಲೆ ಜಾಗ ನಾವೇ ಹುಡುಕಬೇಕು. ಎಂ 101 ಇರುವುದು ಸಪ್ತರ್ಷಿ ಮಂಡಲದಲ್ಲಿ, ಬಾಲದ ಹತ್ತಿರ. ಮೇ ಕೊನೆಯಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಅದು ನೆತ್ತಿಗೂ ಧ್ರುವ ನಕ್ಷತ್ರಕ್ಕೂ ನಡುವೆ ಇರುತ್ತದೆ, ನಮ್ಮ ಅಕ್ಷಾಂಶದಲ್ಲಿ ಸುಮಾರು 49 ಡಿಗ್ರಿ ಎತ್ತರ. ಉತ್ತರಕ್ಕೆ ಮುಖ ಮಾಡಿದರೆ ಮರೀಚಿ ಮೇಲೆ, ವಸಿಷ್ಠ ಎಡಕ್ಕೆ. ಇವೆರಡನ್ನೂ ಸೇರಿಸಿ ಬಲಗಡೆ ಒಂದು ತ್ರಿಕೋನ ಕಟ್ಟಿದರೆ ಮೂರನೇ ಮೂಲೆಯಲ್ಲಿ ಎಂ 101.

ವಸಿಷ್ಠನ ಪಕ್ಕ ಅರುಂಧತಿ ಇದೆ ಅಂದ ಕೂಡಲೇ ಮಾವನವರು ಎದ್ದು ಬಂದರು. ಅವರ ಮದುವೆಯಲ್ಲಿ ಪುರೋಹಿತರು ಅರುಂಧತಿ ತೋರಿಸಿದ್ದು ಮಟಮಟ ಮಧ್ಯಾಹ್ನ, ಚಪ್ಪರದ ಸೋಗೆ ಕಡೆ ಕೈ ಮಾಡಿ. "ಕಾಣ್ತಾ?" ಅಂತ ಕೇಳಿದ್ದಕ್ಕೆ "ಕಾಣ್ತು" ಅಂದಿದ್ದರಂತೆ. ಆ ರಾತ್ರಿ ನಿಜವಾಗಿ ನೋಡಿದರು.

ಅರುಂಧತಿಯಿಂದ ಪೂರ್ವಕ್ಕೆ ನಾಲ್ಕು ಸಣ್ಣ ನಕ್ಷತ್ರ ಸಾಲಾಗಿ ಸಿಗುತ್ತವೆ. ಫೈಂಡರ್‌ನಲ್ಲಿ (ಕೊಳವೆಯ ಮೇಲೆ ಕೂರಿಸಿದ ಪುಟ್ಟ ದೂರದರ್ಶಕ) ಒಂದೊಂದಾಗಿ ಹಿಡಿದು ಹೋಗುವುದು. ನಾಲ್ಕನೆಯದರಿಂದ ಒಂದೂವರೆ ಡಿಗ್ರಿಯಷ್ಟು ಸರಿದರೆ ಗೆಲಾಕ್ಸಿ ಬರಬೇಕು. ಬಂತಾ ಇಲ್ಲವಾ ಅನ್ನುವುದೇ ಸಮಸ್ಯೆ. ಪುಸ್ತಕದಲ್ಲಿ ಎಂ 101ರ ಪ್ರಕಾಶ 7.9 ಅಂತ ಬರೆದಿರುತ್ತದೆ. (ಈ ಅಳತೆಯಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಪ್ರಕಾಶ ಜಾಸ್ತಿ, ಕತ್ತಲಲ್ಲಿ ಬರಿಗಣ್ಣಿಗೆ ಸುಮಾರು 6ರವರೆಗೆ ಕಾಣುತ್ತದೆ.) 7.9 ಅಂದರೆ ಸುಲಭ ಅನಿಸುತ್ತೆ, ಅಲ್ವಾ? ಆದರೆ ಅಷ್ಟೂ ಬೆಳಕು ಹತ್ತಿರ ಹತ್ತಿರ ಹುಣ್ಣಿಮೆ ಚಂದ್ರನಷ್ಟು ಜಾಗಕ್ಕೆ ಹರಡಿಕೊಂಡಿದೆ. ಊರ ದೀಪದ ನಡುವೆ ನಿಂತು ನೋಡಿದರೆ ಏನೂ ಇಲ್ಲ. ಹೊಲದಲ್ಲಿ, ಅರ್ಧ ಗಂಟೆ ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ, 48 ಪಟ್ಟು ದೊಡ್ಡದು ಮಾಡುವ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರ) ಆಕಾಶದ ಒಂದು ಭಾಗ ಸ್ವಲ್ಪ ಬಿಳಿಚಿಕೊಂಡ ಹಾಗೆ ಕಂಡಿತು. ಕೊಳವೆಯನ್ನು ಮೆಲ್ಲಗೆ ಅಲ್ಲಾಡಿಸಿದೆ. ಬಿಳಿಚಿದ ಜಾಗವೂ ನಕ್ಷತ್ರಗಳ ಜೊತೆ ಅಲ್ಲಾಡಿತು. ಸರಿ, ಕಣ್ಣಿನ ಭ್ರಮೆ ಅಲ್ಲ.

ಇನ್ನು ಚುಕ್ಕಿ. ಅಂಗಡಿಯಲ್ಲಿ ಎರಡು ಹಾಳೆ ಪ್ರಿಂಟ್ ಹಾಕಿಕೊಂಡು ಹೋಗಿದ್ದೆ. ಒಂದು ಎಂ 101ರ ಹಳೇ ಫೋಟೋ, ಸ್ಫೋಟಕ್ಕೆ ಮುಂಚಿನದು, ಬಿಳಿ ಹಾಳೆ ಮೇಲೆ ಕಪ್ಪು ನಕ್ಷತ್ರ ಬರುವ ಹಾಗೆ ತಿರುಗಿಸಿದ್ದು. ಇನ್ನೊಂದು ಎಎವಿಎಸ್‌ಒ ಚಾರ್ಟ್. ಇದು 1911ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಘ, ಪ್ರಕಾಶ ಬದಲಾಗುವ ನಕ್ಷತ್ರಗಳನ್ನು ಗಮನಿಸುವವರದು. ಚಾರ್ಟ್ ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ನಮ್ಮ ಕಡೆಯವರಿಗೆ ಇಲ್ಲೊಂದು ಅನುಕೂಲ ಇದೆ. ಡಾಬ್ಸೋನಿಯನ್ನಿನಲ್ಲಿ ಚಿತ್ರ ತಲೆಕೆಳಗು. ನಾವು ಉತ್ತರಕ್ಕೆ ತಿರುಗಿ ಧ್ರುವಕ್ಕಿಂತ ಮೇಲಿನ ಆಕಾಶ ನೋಡುವಾಗ ಉತ್ತರ ದಿಕ್ಕು ಕೆಳಗಿರುತ್ತದೆ. ಎರಡು ಸಲ ತಲೆಕೆಳಗಾದರೆ ನೆಟ್ಟಗಾಯಿತಲ್ಲ! ಎಂ 101 ಅತಿ ಎತ್ತರದಲ್ಲಿ ಇರುವಾಗ ಐಪೀಸಿನ ನೋಟವೂ ಹಾಳೆಯೂ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಬರುತ್ತವೆ. ನಮ್ಮ ತಲೆ ಎಷ್ಟು ಓರೆ ಇದೆಯೋ ಅಷ್ಟು ಹಾಳೆ ತಿರುಗಿಸಿಕೊಂಡರೆ ಸಾಕು.

120 ಪಟ್ಟಿನ ಐಪೀಸ್ ಹಾಕಿದೆ. ಇದರಲ್ಲಿ ಮೂರು ನಿಮಿಷಕ್ಕೊಂದು ಸಲ ಗೆಲಾಕ್ಸಿ ನೋಟದಿಂದ ಜಾರಿ ಹೋಗುತ್ತದೆ, ಭೂಮಿ ತಿರುಗುತ್ತಲೇ ಇರುತ್ತಲ್ಲ. ತಳ್ಳುವುದು, ನೋಡುವುದು, ಕೆಂಪು ಟಾರ್ಚಿನಲ್ಲಿ ಹಾಳೆ ನೋಡುವುದು, ಮತ್ತೆ ತಳ್ಳುವುದು. ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಮಸುಕಾದದ್ದು ಚೆನ್ನಾಗಿ ಕಾಣುತ್ತದೆ. ಹಾಗೆ ನೋಡುವಾಗ ಗೆಲಾಕ್ಸಿಯ ನಡುವಿನಿಂದ ಆಗ್ನೇಯಕ್ಕೆ ಒಂದು ಸಣ್ಣ ಮಸುಕು ಗಂಟು ಸಿಕ್ಕಿತು. ಅದು ಎನ್‌ಜಿಸಿ 5461, ಹೊಸ ನಕ್ಷತ್ರ ಹುಟ್ಟುವ ಅನಿಲದ ಮೋಡ. ಅದರ ಪಕ್ಕದಲ್ಲೇ ಚೂಪಾದ ಒಂದು ಚುಕ್ಕಿ. ಹಳೇ ಫೋಟೋ ನೋಡಿದೆ. ಗಂಟು ಇತ್ತು, ಚುಕ್ಕಿ ಇರಲಿಲ್ಲ. ಭಾವಮೈದನನ್ನು ಕರೆದು ಏನೂ ಹೇಳದೆ, ನಿನಗೆ ಕಾಣುವ ಚುಕ್ಕಿಗಳನ್ನೆಲ್ಲ ಖಾಲಿ ಹಾಳೆ ಮೇಲೆ ಹಾಕು ಅಂದೆ. ಅವನು ಹಾಕಿದ ಚುಕ್ಕಿಗಳಲ್ಲಿ ಒಂದು ಫೋಟೋದಲ್ಲಿಲ್ಲದ್ದು. ಅದೂ ಅದೇ ಜಾಗದಲ್ಲಿ.

ಹೊಲದ ಅಂಚಿನಲ್ಲಿ ಮಿಂಚುಹುಳಗಳು ಎದ್ದಿದ್ದವು. ಮಳೆಗಾಲಕ್ಕೆ ಮುಂಚೆ ಅವುಗಳ ಕಾಲ. ಚೆಂದವೇ, ಆದರೆ ಐಪೀಸಿನ ಪಕ್ಕದಲ್ಲಿ ಒಂದು ಮಿಂಚಿದರೂ ಓರೆನೋಟ ಹಾಳು. ತಲೆಗೆ ಟವೆಲ್ ಮುಚ್ಚಿಕೊಂಡು ನೋಡಿದೆ.

ಮಾವನವರು ಒಂದು ನಿಮಿಷ ನೋಡಿ, ಕೂತುಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. "ಇದು ಸತ್ತು ಎಷ್ಟು ದಿನ ಆಯ್ತು?"

"2.1 ಕೋಟಿ ವರ್ಷ. ಬೆಳಕು ಬರೋಕೆ ಅಷ್ಟು ಹೊತ್ತು."

"ನಮಗೆ ಸುದ್ದಿ ಮುಟ್ಟಿದ್ದು?"

"ಗುರುವಾರ ರಾತ್ರಿ."

"ಹಂಗಾದ್ರೆ ಗುರುವಾರದಿಂದಲೇ ಲೆಕ್ಕ ಬಿಡು. ದೂರದಲ್ಲಿ ಸತ್ತರೆ ಸುದ್ದಿ ಕೇಳಿದ ದಿನದಿಂದ ಸೂತಕ."

ನಗುವ ಮಾತಲ್ಲ ಇದು. ವಿಜ್ಞಾನಿಗಳು ಹಾಕುವ ಲೆಕ್ಕವೂ ಹೀಗೇ. ಮೇ 18ರಂದು ನಮ್ಮ ಸಮಯ ನಡುರಾತ್ರಿಯ ಹೊತ್ತಿಗೆ ಸ್ಫೋಟದ ಮೊದಲ ಬೆಳಕು ಭೂಮಿಗೆ ಮುಟ್ಟಿತು ಅಂತ ಆಮೇಲೆ ಬೇರೆ ಬೇರೆ ಚಿತ್ರಗಳಿಂದ ಲೆಕ್ಕ ಹಾಕಿದರು. ಐದನೇ ದಿನ, ಹತ್ತನೇ ದಿನ ಅಂತ ಎಲ್ಲ ಎಣಿಸುವುದು ಅಲ್ಲಿಂದಲೇ. ಆ 2.1 ಕೋಟಿ ವರ್ಷವನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಬರೀ ನೋಡಿ ಬಂದರೆ ಒಂದು ರಾತ್ರಿಯ ಕಥೆ. ನನಗೆ ಅದರ ಪ್ರಕಾಶ ಅಳೆಯಬೇಕಿತ್ತು. ಅದಕ್ಕೆ ಯಂತ್ರ ಬೇಡ, ಕಣ್ಣು ಸಾಕು. ಚಾರ್ಟಿನಲ್ಲಿ ಸುತ್ತಲಿನ ಕೆಲವು ನಕ್ಷತ್ರಗಳ ಪಕ್ಕ ಸಂಖ್ಯೆ ಕೊಟ್ಟಿರುತ್ತಾರೆ. 109 ಅಂತಿದ್ದರೆ 10.9 ಅಂತ ಓದಿಕೊಳ್ಳಬೇಕು. ದಶಮಾಂಶದ ಚುಕ್ಕಿ ಹಾಕಿದರೆ ಅದನ್ನೂ ನಕ್ಷತ್ರ ಅಂದುಕೊಂಡಾರು ಅಂತ ಬಿಟ್ಟಿರುತ್ತಾರೆ. ನಮ್ಮ ಚುಕ್ಕಿಗಿಂತ ಸ್ವಲ್ಪ ಹೊಳೆಯುವ ಒಂದು, ಸ್ವಲ್ಪ ಮಂಕಾದ ಒಂದು ಆರಿಸಿಕೊಂಡು, ಇದು ಅವೆರಡರ ನಡುವೆ ಎಲ್ಲಿ ಬರುತ್ತದೆ ಅಂತ ಅಂದಾಜು ಮಾಡುವುದು. ಕೇಳುವುದಕ್ಕೆ ಸಲೀಸು. ಮಾಡುವಾಗ ಕಣ್ಣು ಮೋಸ ಮಾಡುತ್ತದೆ. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತಾ ಹೋದಷ್ಟೂ ಅದು ಇರುವುದಕ್ಕಿಂತ ಜಾಸ್ತಿ ಹೊಳೆಯುತ್ತಿರುವ ಹಾಗೆ ಅನಿಸುತ್ತದೆ. ಹೋಲಿಸುವ ಎರಡು ಚುಕ್ಕಿ ಒಂದರ ಮೇಲೊಂದು ಇದ್ದರೂ ಅಂದಾಜು ತಪ್ಪುತ್ತದೆ. ಕುತ್ತಿಗೆ ತಿರುಗಿಸಿ ಎರಡೂ ಕಣ್ಣಿನ ಸಾಲಿಗೆ ಅಡ್ಡಡ್ಡ ಬರುವ ಹಾಗೆ ಮಾಡಿಕೊಂಡು, ದಿಟ್ಟಿಸದೆ, ಗಳಿಗೆಗೊಮ್ಮೆ ಇಣುಕಿ ನೋಡಬೇಕು.

ಆ ರಾತ್ರಿ 11.3 ಅಂತ ಬರೆದುಕೊಂಡೆ. ವಾರದ ನಡುವೆ ಮತ್ತೆ ಹೋದಾಗ 11.0. ಇಟಗಾಕಿ ಹಿಡಿದಾಗ ಅದು 14.9. ಅಷ್ಟು ದಿನದಲ್ಲಿ ಮೂವತ್ತೈದು ಪಟ್ಟಿಗಿಂತ ಜಾಸ್ತಿ ಪ್ರಕಾಶ! ಸೋಮವಾರ ಸಮ ಅನಿಸಿದ್ದ ಒಂದು ನಕ್ಷತ್ರ ಈಗ ಇದರ ಮುಂದೆ ಸಪ್ಪೆಯಾಗಿತ್ತು. ನನಗೆ ಮೈ ಜುಮ್ ಅಂದದ್ದು ಮೊದಲ ರಾತ್ರಿ ಅಲ್ಲ, ಅವತ್ತು. ಚುಕ್ಕಿ ಚುಕ್ಕಿಯೇ, ಆದರೆ ಸುತ್ತಲಿನವೆಲ್ಲ ಇದ್ದ ಹಾಗೇ ಇದ್ದವು, ಇದೊಂದು ಬದಲಾಗಿತ್ತು.

ಇಷ್ಟು ಬೇಗ ಏರಿದ್ದಕ್ಕೆ ಕಾರಣವೂ ಇದೆ. ಸಿಡಿದದ್ದು ಒಂದು ಕೆಂಪು ಮಹಾದೈತ್ಯ ನಕ್ಷತ್ರ, ಸೂರ್ಯನ ಎಂಟು ಪಟ್ಟಿಗಿಂತ ಜಾಸ್ತಿ ತೂಕದ ಜಾತಿ. ಅದರ ಹಳೇ ಗುರುತು ಹಬಲ್, ಸ್ಪಿಟ್ಜರ್ ದೂರದರ್ಶಕಗಳ ಚಿತ್ರಗಳಲ್ಲಿ ಸಿಕ್ಕಿತು, ಧೂಳು ಮುಚ್ಚಿಕೊಂಡಿತ್ತು. ಇಂಥ ನಕ್ಷತ್ರದ ನಡುವಿನ ಕಬ್ಬಿಣದ ತಿರುಳು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತದೆ. ಸಾಯುವುದಕ್ಕೆ ಮುಂಚಿನ ವರ್ಷಗಳಲ್ಲಿ ಇದು ತನ್ನ ಅನಿಲವನ್ನು ಸುತ್ತಲೂ ಉಗುಳಿಕೊಂಡಿತ್ತು. ಸ್ಫೋಟದ ಅಲೆ ಅದಕ್ಕೆ ಬಡಿದು ಮೊದಲ ದಿನಗಳಲ್ಲೇ ಜೋರಾಗಿ ಬೆಳಗಿತು. ನಮ್ಮವರೂ ಇದರ ಬೆನ್ನು ಬಿದ್ದಿದ್ದರು. ಲಡಾಖಿನ ಹಾನ್ಲೆಯ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ, ಮೇಲೆ ಆಸ್ಟ್ರೋಸ್ಯಾಟ್ ಉಪಗ್ರಹ. ಹಾನ್ಲೆ ದೂರದರ್ಶಕವನ್ನು ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಕೂತು. ನಮಗೆ ಆ ಭಾಗ್ಯ ಇಲ್ಲ, ಚಳಿಯೂ ಇಲ್ಲ.

ಹಾಸನದಿಂದ ಒಬ್ಬ ಗೆಳೆಯ ಕ್ಯಾಮೆರಾ ತಂದಿದ್ದ. ಇಸ್ರೋದ ನಿಯಂತ್ರಣ ಕೇಂದ್ರದ ದೊಡ್ಡ ದೊಡ್ಡ ಆಂಟೆನಾ ನೋಡುತ್ತಾ ಬೆಳೆದವನು, ಆಕಾಶ ಅಂದರೆ ಅವನಿಗೆ ಉಪಗ್ರಹ. 200 ಮಿಲಿಮೀಟರ್ ಲೆನ್ಸ್, ಸಾಧಾರಣ ಟ್ರೈಪಾಡ್. ಎರಡೆರಡು ಸೆಕೆಂಡಿನ ನೂರಾರು ಚಿತ್ರ ತೆಗೆದು, ಡೀಪ್‌ಸ್ಕೈಸ್ಟ್ಯಾಕರ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಕೂರಿಸಿದ. ಗೆಲಾಕ್ಸಿ ಸುಮಾರಾಗಿ ಬಂತು, ಸೂಪರ್‌ನೋವಾ ಖಡಕ್ಕಾಗಿ ಬಂತು. ದೂರದರ್ಶಕವೇ ಇಲ್ಲದವರು ಗಮನಿಸಿ.

ತಿಂಗಳ ಕೊನೆಗೆ ಬೆಳದಿಂಗಳು ಜಾಸ್ತಿಯಾಯಿತು. ಜೂನ್ 4ಕ್ಕೆ ಹುಣ್ಣಿಮೆ. ಅದಕ್ಕೆ ಸ್ವಲ್ಪ ಮುಂಚೆ ಹೋದಾಗ ಎಂ 101 ಪೂರ್ತಿ ಮಾಯ, ಇದ್ದ ಕುರುಹೂ ಇಲ್ಲ. ಸೂಪರ್‌ನೋವಾ ಮಾತ್ರ ಇದ್ದ ಜಾಗದಲ್ಲೇ, 11.1. ಕೋಟ್ಯಂತರ ನಕ್ಷತ್ರಗಳ ಗೆಲಾಕ್ಸಿ ಬೆಳದಿಂಗಳಲ್ಲಿ ಅಳಿಸಿಹೋಗಿ, ಅದರೊಳಗಿನ ಒಂದೇ ಒಂದು ಕಾಣುತ್ತಿದೆ ಅಂದರೆ ಏನು ಹೇಳುವುದು! ಆಮೇಲೆ ಊರವರಿಗೆ ತೋರಿಸುವಾಗ ಬೆಳದಿಂಗಳ ರಾತ್ರಿಯನ್ನೇ ಆರಿಸಿಕೊಂಡೆ. ಮಸುಕು ಇಲ್ಲದ ಕಾರಣ ಅವರಿಗೆ ಚುಕ್ಕಿ ಹಿಡಿಯುವುದು ಸುಲಭವಾಯಿತು.

ಅಂದಾಜುಗಳನ್ನು ಎಎವಿಎಸ್‌ಒಗೆ ಕಳಿಸಿದೆ. ಅಲ್ಲಿ ದಿನಾಂಕ ಬರೆಯುವುದು ಜೂಲಿಯನ್ ದಿನದ ಲೆಕ್ಕದಲ್ಲಿ. ಆ ಮೊದಲ ಸೋಮವಾರ ರಾತ್ರಿ 2460087. ಈ ದಿನ ಬದಲಾಗುವುದು ಗ್ರೀನಿಚ್ಚಿನ ಮಧ್ಯಾಹ್ನ, ಅಂದರೆ ನಮ್ಮ ಸಂಜೆ ಐದೂವರೆಗೆ. ರಾತ್ರಿ ಹನ್ನೆರಡಕ್ಕೆ ತಾರೀಖು ಬದಲಾಗುವ ಗೋಜಿಲ್ಲ, ಇಡೀ ರಾತ್ರಿಗೆ ಒಂದೇ ಸಂಖ್ಯೆ. ಗ್ರಾಫಿನಲ್ಲಿ ಜಗತ್ತಿನ ಎಲ್ಲೆಲ್ಲಿಯವರದೋ ಚುಕ್ಕಿಗಳ ನಡುವೆ ನನ್ನವೂ ಕೂತವು. ಗುಂಪಿನಿಂದ ತೀರಾ ಆಚೆ ಬಿದ್ದಿರಲಿಲ್ಲ, ಅಷ್ಟು ಸಾಕು.

ಜೂನ್ ನಡುವೆ ಮಳೆ ಹಿಡಿಯಿತು. ಇಂಥ ಸೂಪರ್‌ನೋವಾ ಎರಡು-ಮೂರು ತಿಂಗಳು ನಿಧಾನವಾಗಿ ಇಳಿದು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತ ನೋಡುವ ಆಸೆ ಇತ್ತು. ಜುಲೈ ಕೊನೆಯಲ್ಲಿ ಒಂದು ಸಂಜೆ ಕಡೂರಿನ ಆಚೆ ಮೋಡ ಒಡೆದಿದ್ದಾಗ ಓಡಿದೆ. ಸಿಕ್ಕಿತು, 12.2 ಸುಮಾರು, ಓರೆನೋಟದಲ್ಲಿ ಕಷ್ಟಪಟ್ಟು. ನಿಜವಾದ ಕುಸಿತ ಆಗಸ್ಟ್‌ನಲ್ಲಿ, ನಮ್ಮ ಮೋಡದ ಮೇಲೆ ಆಗಿಹೋಯಿತು. ಅಕ್ಟೋಬರ್ ಹೊತ್ತಿಗೆ ಸಪ್ತರ್ಷಿಯೇ ಸಂಜೆ ಬೆಳಕಿನಲ್ಲಿ ಮುಳುಗಿತು. ಫೆಬ್ರವರಿಯ ಒಂದು ಬೆಳಗಿನ ಜಾವ ಎದ್ದು ನೋಡಿದಾಗ ಗಂಟು ಇತ್ತು, ಚುಕ್ಕಿ ಎಂಟು ಇಂಚಿಗೆ ಎಟುಕದಷ್ಟು ಇಳಿದಿತ್ತು.

ಎಂ 101ರಲ್ಲಿ 1909, 1951, 1970, 2011, ಈಗ 2023 ಅಂತ ಐದು ಸೂಪರ್‌ನೋವಾ ಕಂಡಿವೆ. ನಮ್ಮ ಗೆಲಾಕ್ಸಿಯದಾದರೆ ಬರಿಗಣ್ಣಿಗೆ ಕಂಡದ್ದು 1604ರಲ್ಲಿ ಕೊನೆ. ಹಳೇಬೀಡಿನಲ್ಲಿ ವೀರಬಲ್ಲಾಳ ಆಳುತ್ತಿದ್ದಾಗ, 1181ರಲ್ಲಿ ಒಂದು ಬಂದಿತ್ತು, ಚೀನಾ ಜಪಾನಿನವರು ಆರು ತಿಂಗಳು ನೋಡಿ ಬರೆದಿಟ್ಟಿದ್ದಾರೆ. ಅದು ಬಂದದ್ದು ಆಗಸ್ಟ್‌ನಲ್ಲಿ, ಹಳೇಬೀಡಿನಲ್ಲೂ ಮೋಡ ಇದ್ದೀತು. ಮುಂದಿನದು ಯಾವ ಗೆಲಾಕ್ಸಿಯಲ್ಲಾದರೂ ಸಿಡಿಯಲಿ, ಬೆಳಕು ಡಿಸೆಂಬರ್-ಜನವರಿಯಲ್ಲಿ ಮುಟ್ಟಿದರೆ ಉಪಕಾರ. ಆಗ ಮುಳ್ಳಯ್ಯನಗಿರಿ ಕಡೆಯೂ ಮೋಡ ಇರುವುದಿಲ್ಲ, ಓಮ್ನಿಗೆ ಪೆಟ್ರೋಲೂ ಉಳಿಯುತ್ತದೆ.